ಹತ್ತನೆಯ ಚೀಟಿ

ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ತಗಡಿನದು. ಮುಚ್ಚಳ ಒಂದು ಕಡೆ ಸೊಟ್ಟಗಾಗಿದೆ, ತೆಗೆಯಲು ಹೋದರೆ ಉಗುರು ಮುರಿಯುತ್ತದೆ. ಕಾಲೇಜಿಗೆ ಹೊಸದಾಗಿ ಬಂದವರು ಬಿಸ್ಕತ್ತಿನ ಆಸೆಗೆ ಹರಸಾಹಸ ಮಾಡಿ ಅದನ್ನು ತೆಗೆದು, ಒಳಗೆ ಬರೀ ಮಡಚಿದ ಕಾಗದದ ಚೂರುಗಳನ್ನು ಕಂಡು ಪೆಚ್ಚಾಗುತ್ತಾರೆ. ಡಬ್ಬಿ ನನ್ನದಲ್ಲ, ನನಗೆ ಅರಬ್ಬಿ ಕಲಿಸಿದ ಮೇಷ್ಟರದು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವತ್ತು ಚನ್ನರಾಯಪಟ್ಟಣದ ಅವರ ಮನೆಯ ಮುಂದೆ ನಿಂತು ಮನಸಾರೆ ಅತ್ತೆ. ಆದರೆ ಈಗ ಅವರನ್ನು ನೆನೆದರೆ ಮೊದಲು ಬರುವುದು ನಗು, ಏನು ಮಾಡಲಿ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ, ಜೊತೆಗೆ ನಾಲ್ಕು ಹೊಗಳಿಕೆ ಸೇರಿಸಿದ ಕೂಡಲೇ ಅದು ಅವರ ಪಾಲಿಗೆ 'ಭಾಷಣ' ಆಗಿಬಿಡುತ್ತಿತ್ತು. ಭಾಷಣ ಬರೆದುಕೊಟ್ಟವರ ಕಾಗದವನ್ನು ಅವರು ಎರಡು ಬೆರಳಲ್ಲಿ, ಸತ್ತ ಜಿರಳೆಯನ್ನು ಹಿಡಿದ ಹಾಗೆ ಹಿಡಿದು ವಾಪಸ್ ಕೊಡುತ್ತಿದ್ದರು.

ಹಾಸನದ ನಮ್ಮ ಕಾಲೇಜಿನಲ್ಲಿ ಅವರು ಮೂವತ್ತು ಚಿಲ್ಲರೆ ವರ್ಷ ಅರಬ್ಬಿ ಕಲಿಸಿದರು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರರಿಂದ ನಾಲ್ಕೂಕಾಲಿನವರೆಗೆ, ವಿಶ್ವವಿದ್ಯಾನಿಲಯದ ಸರ್ಟಿಫಿಕೇಟ್ ಕೋರ್ಸು. ಪಿಯುಸಿ ಪಾಸಾದ ಯಾರು ಬೇಕಾದರೂ ಸೇರಬಹುದು. ಆದರೆ ಒಂದು ಷರತ್ತು: ಹತ್ತು ಜನ ಇರಲೇಬೇಕು. (ಷರತ್ತು ಎನ್ನುವುದೂ ಅರಬ್ಬಿಯೇ ಎಂದು ಅವರಿದ್ದರೆ ಇಲ್ಲಿಯೇ ನನ್ನನ್ನು ತಡೆಯುತ್ತಿದ್ದರು.) ಒಂಬತ್ತೇ ಆದರೆ ಆ ವರ್ಷ ತರಗತಿ ಇಲ್ಲ. ಸತತವಾಗಿ ಎರಡು ವರ್ಷ ತರಗತಿ ನಡೆಯದಿದ್ದರೆ ಕೋರ್ಸನ್ನೇ ಪಟ್ಟಿಯಿಂದ ತೆಗೆದುಬಿಡುತ್ತಾರೆ. ಹಾಗಾಗಿ ಪ್ರತಿ ವರ್ಷ ಜುಲೈ ತಿಂಗಳಲ್ಲಿ ಮೇಷ್ಟರು ಹೆಣ್ಣು ಕೊಡಬೇಕಾದ ಅಪ್ಪನ ಹಾಗೆ ಕಾರಿಡಾರಿನಲ್ಲಿ ಹುಡುಗರನ್ನು ನೋಡುತ್ತಾ ಓಡಾಡುತ್ತಿದ್ದರು.

ನಾನು ಸೇರಿದ ಕಥೆ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಹೊಳೆನರಸೀಪುರದ ಪಕ್ಕದ ಹಳ್ಳಿಯಿಂದ ದಿನಾ ಬಂದು ಬಿ.ಕಾಂ. ಓದುತ್ತಿದ್ದೆ. ಮೂರಕ್ಕೆ ಕ್ಲಾಸು ಮುಗಿದರೆ ಊರಿನವರೆಗೂ ಹೋಗುವ ಬಸ್ಸು ನಾಲ್ಕೂವರೆಗೆ. ಆಷಾಢದ ಗಾಳಿ, ಮಳೆ. ಕಾರಿಡಾರಿನ ಬೆಂಚಿನ ಮೇಲೆ ಬ್ಯಾಗನ್ನು ತಬ್ಬಿಕೊಂಡು ಕೂತಿದ್ದೆ. ಮೇಲಿನಿಂದ ಸರಿಯಾಗಿ ನನ್ನ ಹೆಗಲ ಮೇಲೇ ನೀರು ತೊಟ್ಟಿಕ್ಕುತ್ತಿತ್ತು. ಸಣ್ಣಗೆ, ಎತ್ತರಕ್ಕೆ, ಸ್ವೆಟರಿನ ಮೇಲೆ ಕೋಟು ಹಾಕಿದ ಒಬ್ಬರು ಬಂದು ನಿಂತರು.

"ಯಾವೂರಮ್ಮ?"

"ಹೊಳೆನರಸೀಪುರದ ಹತ್ರ ಸಾರ್."

"ಬಸ್ಸೆಷ್ಟೊತ್ತಿಗೆ?"

"ನಾಲ್ಕೂವರೆಗೆ."

"ಇನ್ನೂ ಒಂದೂವರೆ ಗಂಟೆ ಐತೆ. ಇಲ್ಲಿ ಸೋರ್ತದೆ, ಒಳಗೆ ಸೋರಲ್ಲ. ಬಾ."

ಹೋದೆ. ಒಳಗೆ ಒಂಬತ್ತು ಜನ ಕೂತಿದ್ದರು. ನಾನು ಕೂತ ಮೇಲೆ ಮೇಷ್ಟರು ಬೆರಳು ಮಾಡಿ ಎಣಿಸಿ, ಇನ್ನೊಮ್ಮೆ ಎಣಿಸಿ, ಎಲ್ಲರಿಗೂ ಅರ್ಧರ್ಧ ಹಾಳೆ ಹಂಚಿದರು. "ಅರಬ್ಬಿ ಕಲಿಯೋಕೆ ಯಾಕೆ ಬಂದೆ ಅಂತ ಕನ್ನಡದಲ್ಲಿ ಬರೀರಿ. ಒಂದೇ ಸಾಲು. ಸುಳ್ಳು ಬರೀಬೇಡಿ, ನಂಗೆ ವಾಸನೆ ಬರ್ತದೆ."

ಬಸ್ಸಿಗೆ ಕಾಯುವವಳು ನಾನು. ಆದರೂ ಕೂತಿದ್ದಕ್ಕೆ ಮರ್ಯಾದೆ ಉಳಿಯಲಿ ಎಂದು 'ಅರಬ್ಬಿ ಭಾಷೆಯ ಶ್ರೀಮಂತ ಪರಂಪರೆಯನ್ನು ಅರಿಯಲು' ಎಂದು ಬರೆದೆ. ಮೇಷ್ಟರು ಓದಿದರು. ಆ ಎರಡು ಬೆರಳು, ಆ ಜಿರಳೆ. "ಇದು ಭಾಷಣ ಕಣಮ್ಮ. ಕಾರಣ ಬರಿ." ನನಗೂ ರೇಗಿತು. ಹೊಡೆದು ಹಾಕಿ, 'ಬಸ್ಸಿಗೆ ಇನ್ನೂ ಹೊತ್ತಿದೆ' ಎಂದು ಬರೆದುಕೊಟ್ಟೆ. ಅವರ ಮುಖ ಅರಳಿತು. "ಹೂಂ, ಇದು ನಿಜ" ಎಂದು ಮಡಚಿ ಡಬ್ಬಿಗೆ ಹಾಕಿದರು.

"ಇದೂ ಒಂದು ಕಾರಣವಾ ಸಾರ್?" ಎಂದೆ.

"ಮೊದಲನೇ ಕಾರಣ ಬಾಗಿಲು ತಳ್ಳೋಕೆ ಅಷ್ಟೇ. ಒಳಗೆ ಬಂದೋರು ಯಾಕೆ ಕೂತ್ಕಂಡ್ರು ಅನ್ನೋದು ಆಮೇಲಿನ ಮಾತು."

ಅದು ಅವರ ಪದ್ಧತಿ. ಕೋರ್ಸಿನ ಕೊನೆಯ ದಿನ ಅವರವರ ಚೀಟಿ ಅವರವರಿಗೆ ವಾಪಸ್ ಬರುತ್ತಿತ್ತು. ಈಗ ಯಾಕೆ ಇದ್ದೀಯ ಎನ್ನುವುದನ್ನು ಹಿಂಬದಿಯಲ್ಲಿ ಬರೆದು ಮತ್ತೆ ಡಬ್ಬಿಗೆ ಹಾಕಬೇಕು.

ನನ್ನ ಜೊತೆ ಅರಕಲಗೂಡಿನ ಕಡೆಯ ಒಬ್ಬ ಹುಡುಗ ಇದ್ದ. ಅವನ ಚೀಟಿ ಎರಡು ಸಲ ವಾಪಸ್ ಬಂತು. ಮೊದಲು ಸಂಸ್ಕೃತಿ ಎಂದು ಬರೆದ, ಆಮೇಲೆ ದುಬೈ ಎಂದು ಬರೆದ. ಮೇಷ್ಟರು ಅವನ ಮುಖ ನೋಡಿ, "ದುಬೈಗೆ ಹೋಗೋ ಮುಖ ಅಲ್ಲ ಕಣಪ್ಪ ನಿಂದು" ಎಂದರು. ಮೂರನೆಯ ಸಲ ಅವನು ಬರೆದಿದ್ದು ಹೀಗಿತ್ತು: 'ನಮ್ಮ ಮಾವ ದುಬೈಲಿ ಹನ್ನೆರಡು ವರ್ಷ ಡ್ರೈವರ್ ಆಗಿದ್ದು ಬಂದವ್ರೆ. ಮದುವೆ ಮನೇಲೆಲ್ಲ ಅರಬ್ಬಿ ಮಾತಾಡ್ತಾರೆ. ಅದು ನಿಜವಾದ ಅರಬ್ಬಿನಾ, ಸುಳ್ಳಾ ಗೊತ್ತಾಗಬೇಕು.' ಮೇಷ್ಟರು ಮೇಜು ಕುಟ್ಟಿ, "ಇದಪ್ಪಾ ಕಾರಣ ಅಂದ್ರೆ!" ಎಂದರು.

ಆರು ತಿಂಗಳು ಕಳೆದ ಮೇಲೆ ಅವನು ಒಂದು ದಿನ ಕ್ಲಾಸಿಗೆ ನಗುತ್ತಲೇ ಬಂದ. "ಸಾ, ಸಿಕ್ಕಾಕಂಡ್ಬುಟ್ರು ಸಾ ನಮ್ ಮಾವ! ಊಟದ್ ಪಂಕ್ತೀಲಿ ನಾಕ್ ಪ್ರಶ್ನೆ ಕೇಳ್ದೆ. ಅವ್ರಿಗೆ ಗೊತ್ತಿರಾದು ಯಲ್ಲಾ, ಖಲಾಸ್, ಬುಕ್ರಾ, ಮಾಫಿ ಅಷ್ಟೇ ಸಾ. ಅದನ್ನೇ ತಿರ್ಗಾಮುರ್ಗಾ ಯೋಳ್ತಾರೆ."

ಕ್ಲಾಸೆಲ್ಲ ನಕ್ಕಿತು, ಮೇಷ್ಟರು ನಗಲಿಲ್ಲ. "ನಡಿ, ಮುಗೀತು, ನಾಳೆ, ಇಲ್ಲ. ಆ ನಾಲ್ಕು ಮಾತು ಇಟ್ಕೊಂಡು ಆ ಮನುಷ್ಯ ಗುರುತು ಪರಿಚಯ ಇಲ್ಲದ ದೇಶದಲ್ಲಿ ಹನ್ನೆರಡು ವರ್ಷ ಬದುಕಿ ಬಂದಿದ್ದಾನೆ. ನಿಂಗೆ ನಾನೂರು ಪದ ಕಲಿಸಿದ್ದೀನಿ. ಒಂದ್ ಕೇಜಿ ಸಕ್ಕರೆ ಕೊಂಡ್ಕೊಂಡಿದ್ದೀಯೇನಪ್ಪ ಅದ್ರಲ್ಲಿ?" ಎಂದರು. ಹುಡುಗನ ಮುಖ ಸಣ್ಣಗಾಯಿತು. ಮುಂದಿನ ವಾರ ಅವನು ಮಾವನನ್ನೇ ಕರೆದುಕೊಂಡು ಬಂದ. ಮೇಷ್ಟರು ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಬೆಂಚಿನ ಮೇಲೆ ಕೂತರು. ಯಜಮಾನನಿಗೆ ಸಿಟ್ಟು ಬಂದಿದ್ದರೆ ಅದೇ 'ಯಲ್ಲಾ'ವನ್ನು ಹೇಗೆ ಹೇಳುತ್ತಾನೆ, ಖುಷಿಯಲ್ಲಿದ್ದರೆ ಹೇಗೆ ಹೇಳುತ್ತಾನೆ ಎಂದು ಆ ಮಾವ ಅರ್ಧ ಗಂಟೆ ಮಾಡಿ ತೋರಿಸಿದರು. ಅಷ್ಟು ಒಳ್ಳೆಯ ಪಾಠ ನನಗೆ ಎಂ.ಎ.ಯಲ್ಲೂ ಸಿಗಲಿಲ್ಲ.

ಗಂಟಲಿನ ಅಕ್ಷರಗಳನ್ನು ಹೇಳಿಸುವುದರಲ್ಲಂತೂ ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಸನ ಆಸನವಾಗುತ್ತದೆ, ಹಂಗೆ ಅಂಗೆ ಆಗುತ್ತದೆ. "ಕನ್ನಡದ ಒಂದು ಹಕಾರಾನೇ ಸಾಕೋಕಾಗಲ್ಲ ನಿಮಗೆ. ಅರಬ್ಬಿಯಲ್ಲಿ ಎರಡಿದಾವೆ. ಎಲ್ಲಿಗೆ ಹೋಗಲಿ ನಾನು?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಕೊನೆಗೆ ಉಪಾಯ ಹುಡುಕಿದ್ದೂ ಅವರೇ. "ಸುಡೋ ಮುದ್ದೆ ಬಾಯಿಗೆ ಹಾಕ್ಕೊಂಡಿದ್ದೀರ. ನುಂಗಂಗಿಲ್ಲ, ಉಗುಳಂಗಿಲ್ಲ. ಉಸಿರು ಹೆಂಗೆ ಬಿಡ್ತೀರ? ಬಿಡಿ ನೋಡೋಣ." ಹತ್ತೂ ಜನ ಬಾಯಿ ತೆರೆದು ಗಂಟಲಿನಿಂದ 'ಹ್ಹಾ' ಎಂದೆವು. "ಬಂತು! ಅದೇ!" ಎಂದು ಕುಣಿದಾಡಿಬಿಟ್ಟರು. ಸರಿಯಾಗಿ ಹೇಳಿದವರಿಗೆ ಕೋಟಿನ ಜೇಬಿನಿಂದ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ಕೊಬ್ಬರಿ ಅವರ ಅಪ್ಪನ ಕಾಲದಿಂದ ಮನೆಯ ವ್ಯಾಪಾರ. ರುದ್ರಪಟ್ಟಣದಿಂದ ಬರುತ್ತಿದ್ದ, ಸಂಗೀತ ಕಲಿತಿದ್ದ ಹುಡುಗಿಯೊಬ್ಬಳು ಮೊದಲ ವಾರವೇ ಅರ್ಧ ಗಿಟಕು ಕೊಬ್ಬರಿ ಗೆದ್ದಳು. ನನಗೆ ಮೊದಲ ಚೂರು ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ.

ನಮ್ಮ ಮನೆಯಲ್ಲಿ ಅಪ್ಪನಿಗೆ ಈ ಅರಬ್ಬಿ ಒಂದು ಚೂರೂ ಹಿಡಿಸಿರಲಿಲ್ಲ. ಸರ್ಟಿಫಿಕೇಟ್ ಮುಗಿಸಿ ಮೇಷ್ಟರ ಹತ್ತಿರವೇ ಡಿಪ್ಲೊಮಾಗೂ ಸೇರುತ್ತೇನೆ ಎಂದಾಗ, "ಸಾಕು ಬುಡವ್ವ. ನಮ್ಗೂ ಆ ಬಾಸೆಗೂ ಏನ್ ಸಂಬಂದ?" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಿರುವಾಗ ಒಂದು ದಿನ ಮೇಷ್ಟರು ನೆಂಟರ ಮನೆಗೆಂದು ಹೊಳೆನರಸೀಪುರಕ್ಕೆ ಬಂದವರು, ತಾಲ್ಲೂಕು ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ನಮಗೆ ಸಿಕ್ಕರು. ನಾನು ಅಪ್ಪನ ಪರಿಚಯ ಮಾಡಿಸಿದೆ. ಅಪ್ಪ ಗಂಟುಮುಖ ಹಾಕಿಕೊಂಡೇ ನಮಸ್ಕಾರ ಮಾಡಿದರು.

"ಏನ್ ಗೌಡ್ರೇ, ಪೇಟೆಗೆ ಬಂದಿದ್ದು?" ಎಂದರು ಮೇಷ್ಟರು.

"ಅಯ್ಯೋ, ಜಮೀನಿಂದು ಒಂದ್ ತಕರಾರು ಸಾ. ವಕೀಲ್ರು ಅರ್ಜಿ ಕೊಡಿ ಅಂದ್ರು. ತಾಲ್ಲೂಕ್ ಆಪೀಸಲ್ಲಿ ನೋಡುದ್ರೆ ನಕಲು ಆಗಕಿಲ್ಲ, ಅಸಲು ತಗಂಬನ್ನಿ ಅಂತಾರೆ. ನಾವು ರೈತ್ರು, ಕೆಲ್ಸ ಬುಟ್ಟು ಎಷ್ಟ್ ಸತಿ ಅಂತ ಅಲೆಯಾದು?"

ಮೇಷ್ಟರು ಬೆರಳು ಮಡಚುತ್ತಾ ಕೂತಿದ್ದರು. "ಜಮೀನು ಪಾರಸಿ, ಅದನ್ನ ಬಿಡೋಣ. ತಕರಾರು, ವಕೀಲ, ಅರ್ಜಿ, ತಾಲ್ಲೂಕು, ನಕಲು, ಅಸಲು, ರೈತ. ಗೌಡ್ರೇ, ಒಂದು ಲೋಟ ಟೀ ಮುಗಿಯೋದ್ರೊಳಗೆ ಏಳು ಅರಬ್ಬಿ ಪದ ಆಡಿದ್ರಿ. ನಿಮ್ಮ ಮಗಳು ಮೊದಲನೇ ತಿಂಗಳಲ್ಲಿ ಇಷ್ಟು ಆಡಿರಲಿಲ್ಲ."

ಅಪ್ಪ ಲೋಟ ಕೆಳಗಿಟ್ಟರು. "ರೈತ ಅನ್ನಾದೂವಾ?"

"ಅದೂನೂ."

ಅಪ್ಪ ಮತ್ತೆ ಲೋಟ ಎತ್ತಿಕೊಂಡು, "ಅಂಗಾರೆ ನಂಗೇ ಒಂದ್ ಸರ್ಟಿಪಿಕೇಟ್ ಕೊಡ್ಸಿ ಸಾ. ಮಗೀನ ಯಾಕ್ ಅಷ್ಟ್ ದೂರ ಅಲೆಸ್ಲಿ?" ಎಂದರು. ಮೇಷ್ಟರು ಟೀ ನೆತ್ತಿಗೇರುವಷ್ಟು ನಕ್ಕರು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಆ ಒಂದು ಪದವನ್ನೇ ಬಾಯಲ್ಲಿ ಹೊರಳಿಸುತ್ತಾ ನಡೆದರು. ಹಟ್ಟಿ ಬಾಗಿಲು ದಾಟುವಾಗ, "ಓಗು, ಅದೇನೈತೋ ಪೂರ್ತಿ ಕಲ್ತ್ಕಂಡು ಬಂದ್ಬುಡು" ಎಂದರು. ನಾನು ಅರಬ್ಬಿಯಲ್ಲಿ ಮುಂದುವರಿದದ್ದು ಆ ಟೀ ಅಂಗಡಿಯ ದೆಸೆಯಿಂದ.

ಇನ್ನೊಂದು ಪ್ರಸಂಗ ಹೇಳಬೇಕು. ನಾವು ಡಿಪ್ಲೊಮಾದಲ್ಲಿದ್ದಾಗ ವಿಶ್ವವಿದ್ಯಾನಿಲಯದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದ. ಕಾಲೇಜು ಹುಡುಗರು ಅರಬ್ಬಿಯನ್ನು ಯಾಕೆ ಕಲಿಯುತ್ತಾರೆ ಎನ್ನುವುದೇ ಅವನ ವಿಷಯ. ಅಚ್ಚು ಮಾಡಿಸಿದ ನಮೂನೆ ಹಂಚಿದ. ಅದರಲ್ಲಿ ನಾಲ್ಕು ಚೌಕ: ಧರ್ಮ, ಉದ್ಯೋಗ, ಸಂಸ್ಕೃತಿ, ಇತರೆ. ಒಂದಕ್ಕೆ ಗುರುತು ಹಾಕಬೇಕು. ಅರಕಲಗೂಡಿನವನು ಕೈ ಎತ್ತಿ, "ಸಾ, ನಮ್ ಮಾವನ್ನ ಯಾವ್ದಕ್ಕೆ ಆಕ್ಲಿ?" ಎಂದ. ನನ್ನ ಪಕ್ಕದ ಹುಡುಗಿ ಹಾಸನದವಳೇ, ಮುಸ್ಲಿಮರ ಮನೆಯವಳು. ಅವಳಿಗೆ ಧರ್ಮ ಎನ್ನುವ ಚೌಕ ಸರಿಹೋಗುತ್ತದೆ ಎಂದು ಬಂದವನು ತಾನೇ ಬೆರಳು ತೋರಿಸಿದ. ಅವಳು ಒಪ್ಪಲಿಲ್ಲ. ಅವಳ ಚೀಟಿಯಲ್ಲಿದ್ದದ್ದು ಬೇರೆ: 'ನಮ್ಮ ನಾನಿ ದಿನಾ ಕುರಾನ್ ಓದ್ತಾರೆ. ಅರ್ಥ ಏನು ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ ಹೋಗೇ ಅಂತ ಬೈತಾರೆ. ಬೈಸಿಕೊಳ್ಳದೆ ತಿಳ್ಕೋಬೇಕು.' ಅವಳ ಪ್ರಕಾರ ಅದು ಧರ್ಮವಲ್ಲ, ಅಜ್ಜಿಯ ಬಾಯಿ.

ಕೊನೆಗೆ ನೋಡಿದರೆ ಎಲ್ಲರೂ 'ಇತರೆ'ಗೆ ಗುರುತು ಹಾಕಿದ್ದರು. ಪಾಪ, ಆ ಹುಡುಗ ಅಳುವುದೊಂದು ಬಾಕಿ. "ಸಾರ್, ಎಲ್ರೂ ಇತರೆ ಅಂದ್ರೆ ಪ್ರಬಂಧ ಹೇಗ್ ಬರೀಲಿ?" ಎಂದ. ಮೇಷ್ಟರು ಅವನ ಕೈಗೆ ಕೊಬ್ಬರಿ ಬೆಲ್ಲ ಕೊಟ್ಟು, "ಇತರೆ ಅನ್ನೋದನ್ನ ಮೊದಲನೇ ಅಧ್ಯಾಯ ಮಾಡಪ್ಪ" ಎಂದು ಸಮಾಧಾನ ಮಾಡಿದರು. ಅವನು ಕೊಬ್ಬರಿ ಅಗಿಯುತ್ತಾ, "ಸಾರ್, ನೀವು ಯಾಕೆ ಕಲಿತಿರಿ?" ಎಂದು ಕೇಳಿದ. ನಮಗೆಲ್ಲ ಕಿವಿ ನೆಟ್ಟಗಾದವು. ಮೇಷ್ಟರು ಕಿಟಕಿಯ ಆಚೆ ನೋಡಿ, "ಮಳೆ ಬರೋ ಹಂಗಿದೆ, ಬಸ್ ಸ್ಟ್ಯಾಂಡಿಗೆ ಬೇಗ ಹೊರಡಿ" ಎಂದರು. ಬಿಸಿಲು ಚೆನ್ನಾಗಿಯೇ ಇತ್ತು.

ಆಮೇಲೂ ನಾವು ಎಷ್ಟೋ ಸಲ ಕೇಳಿದೆವು. ಒಮ್ಮೆಯೂ ಹೇಳಲಿಲ್ಲ. ನೂರಾರು ಜನರ ಕಾರಣ ಕೇಳಿ ಬರೆಸಿಕೊಂಡ ಮನುಷ್ಯ ತನ್ನದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಅವರು ನಿವೃತ್ತರಾದ ದಿನ ನಾನು ಎಂ.ಎ. ಓದುತ್ತಾ ಬೇರೆ ಊರಿನಲ್ಲಿದ್ದೆ, ರಜೆ ಹಾಕಿ ಬಂದೆ. ಹಾರ, ಶಾಲು, ಫೋಟೊ ಎಲ್ಲ ಆದ ಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು, "ಖಾಲಿ ಬಿಡಬೇಡಮ್ಮ" ಎಂದರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಒಂದು ವರ್ಷ ತರಗತಿ ನಡೆಯಲಿಲ್ಲ. ಮರುವರ್ಷ ನನ್ನನ್ನು ಅತಿಥಿ ಉಪನ್ಯಾಸಕಿಯಾಗಿ ತೆಗೆದುಕೊಂಡರು. ಗೌಡರ ಮಗಳು ಅರಬ್ಬಿ ಹೇಳಿಕೊಡ್ತಾಳಂತೆ ಎಂದು ನೋಡಲು ಬಂದವರು ಬಹಳ, ಸೇರಿದವರು ಕಡಿಮೆ. ಕಾರಿಡಾರಿನಲ್ಲಿ ಓಡಾಡುವ ಸರದಿ ನನ್ನದಾಯಿತು. ಕೊನೆಯ ದಿನಾಂಕ ಬಂತು. ಒಂಬತ್ತು ಜನ. ಆ ವರ್ಷವೂ ನಡೆಯದಿದ್ದರೆ ಕೋರ್ಸು ಪಟ್ಟಿಯಿಂದಲೇ ಹೋಗುತ್ತಿತ್ತು, ಮೇಷ್ಟರ ಮೂವತ್ತು ವರ್ಷದ ಕೆಲಸವೂ ಅದರ ಜೊತೆಗೆ.

ಆಫೀಸಿನ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ, "ಯಾರ್ದಾದ್ರೂ ಒಂದ್ ಹೆಸ್ರು ಬರ್ಕಳಿ ಮೇಡಂ. ಯಾರ್ ಬಂದು ಎಣುಸ್ತಾರೆ?" ಎಂದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಷ್ಟರಿಗೆ ಫೋನ್ ಮಾಡಿದೆ. "ಬರೆದ್ಬಿಡ್ಲಾ ಸಾರ್?" ಎಂದೆ. "ಸುಳ್ಳು ಹಾಜರಿ ಬೇಡ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನನಗೆ ಬಹಳ ಬೇಜಾರಾಯಿತು. ಇವರಿಗೇನು, ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದಾರೆ ಎಂದುಕೊಂಡೆ. ಈಗಲೂ ಅದಕ್ಕೆ ನಾಚಿಕೆಯಿದೆ.

ಸಂಜೆ ನಾಲ್ಕಾಗಿತ್ತು. ಗುಮಾಸ್ತರ ಕಿಟಕಿಯ ಮುಂದೆ ಸ್ವೆಟರಿನ ಮೇಲೆ ಕೋಟು ಹಾಕಿದ ಒಬ್ಬರು ನಿಂತಿದ್ದರು. ಚನ್ನರಾಯಪಟ್ಟಣದಿಂದ ಹಾಸನದವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ಕೈಯಲ್ಲಿ ತಮ್ಮ ಪಿಯುಸಿ ಅಂಕಪಟ್ಟಿ, ಅಂಚೆಲ್ಲ ಹಳದಿಯಾಗಿತ್ತು. "ಸೇರೋಕೆ ವಯಸ್ಸಿನ ಮಿತಿ ಐತಾ?" ಎಂದು ಕೇಳುತ್ತಿದ್ದರು. ಗುಮಾಸ್ತರು ಎದ್ದು ನಿಂತು, "ಅಯ್ಯೋ, ತಾವಾ ಸಾ?" ಎಂದರು. "ತಾವು ಗೀವು ಬೇಡ, ಅಪ್ಲಿಕೇಶನ್ ಕೊಡಿ."

ಹೆಸರಿಗೆ ಸೇರಿದವರಲ್ಲ ಅವರು. ವಾರಕ್ಕೆ ಮೂರು ದಿನ, ತಪ್ಪದೆ, ಹಿಂದಿನ ಬೆಂಚಿಗೆ ಬಂದರು. ಬಹಳ ಕೆಟ್ಟ ವಿದ್ಯಾರ್ಥಿ. ಪ್ರತಿ ಪ್ರಶ್ನೆಗೂ ಕೈ ಎತ್ತುವುದು, ಪಕ್ಕದವರಿಗೆ ಉತ್ತರ ಹೇಳಿಕೊಡುವುದು, ನಾನು ಬೋರ್ಡಿನ ಕಡೆ ತಿರುಗಿದಾಗ ಕೊಬ್ಬರಿ ಹಂಚುವುದು. ಎರಡು ಸಲ ಹೊರಗೆ ಕಳಿಸುತ್ತೇನೆ ಎಂದು ಗದರಿದೆ. ನನ್ನ ಪಾಠದಲ್ಲಿ ತಪ್ಪು ಕಂಡರೆ ಮಾತ್ರ ಎಲ್ಲರೆದುರು ಬಾಯಿ ಬಿಡದೆ, ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅಕ್ಷರ ದುಂಡಗಿಲ್ಲವೆಂದು ಎರಡು ಅಂಕ ಕಳೆದೆ. ಹಿಂದೆ ನನಗೆ ಅವರು ಕಳೆದದ್ದೂ ಅಷ್ಟೇ.

ಆ ವರ್ಷದ ಮೊದಲ ದಿನದ ಮಾತೊಂದು ಹೇಳುವುದು ಉಳಿಯಿತು. ಅರ್ಧರ್ಧ ಹಾಳೆ ಹಂಚಿ, ಎಲ್ಲರ ಚೀಟಿ ತೆಗೆದುಕೊಳ್ಳುತ್ತಾ ಹಿಂದಿನ ಬೆಂಚಿಗೆ ಬಂದೆ. ಮೇಷ್ಟರು ತುಂಟನಗೆ ನಗುತ್ತಾ ತಮ್ಮದನ್ನು ಕೊಟ್ಟರು. 'ಬಸ್ಸಿಗೆ ಇನ್ನೂ ಹೊತ್ತಿದೆ' ಎಂದಿತ್ತು. ನಾನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟೆ.

"ಇದು ನಂದು ಸಾರ್. ನಕಲು ನಡೆಯಲ್ಲ. ನಿಮ್ಮ ಅಸಲು ಬರೆದುಕೊಡಿ."

ಅವರ ನಗು ನಿಂತಿತು. ಕಿಟಕಿಯ ಕಡೆ ನೋಡಿದರು. ಈ ಸಲ ನಿಜವಾಗಿಯೂ ಮಳೆ ಬರುತ್ತಿತ್ತು, ಹೊರಡಿ ಎನ್ನುವ ಹಾಗಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಹತ್ತು ನಿಮಿಷವಾದರೂ ಆಯಿತು. ಹೊಸ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರು. ಅದು ಈಗಲೂ ಡಬ್ಬಿಯಲ್ಲಿದೆ:

'ಚಿಕ್ಕಂದಿನಲ್ಲಿ ಅಪ್ಪನ ಹುಣಸೆ ಬರಲಿಗೆ ಹೆದರಿ ಕಲಿತೆ. ದೊಡ್ಡವನಾದ ಮೇಲೆ ಸಂಬಳಕ್ಕೆ ಕಲಿಸಿದೆ. ಈಗ ಹೊಡೆಯುವವರೂ ಇಲ್ಲ, ಸಂಬಳ ಕೊಡುವವರೂ ಇಲ್ಲ. ಈ ಸಲ ನಾನಾಗಿಯೇ ಬಂದಿದ್ದೇನೆ.'

ಚೀಟಿಯನ್ನು ಡಬ್ಬಿಗೆ ಹಾಕಿ, ಹಾಜರಿ ಪುಸ್ತಕ ತೆರೆದು ಒಂದರಿಂದ ಹೆಸರು ಕೂಗುತ್ತಾ ಹೋದೆ. ಹತ್ತನೆಯ ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ ಅವರು ಎದ್ದು ನಿಂತು, ಸುಡುವ ಮುದ್ದೆ ಬಾಯಲ್ಲಿಟ್ಟುಕೊಂಡವರ ಹಾಗೆ, ಗಂಟಲಿನಿಂದ 'ಹಾಜರ್' ಎಂದರು.